ಸೆಪ್ಟೆಂಬರ್ 15ಕ್ಕೆ ಎಷ್ಟು ಮಂದಿ ಹಕ್ಕುದಾರರು?

ದಾವಣಗೆರೆಯ ನಿವೃತ್ತ ಎಂಜಿನಿಯರೊಬ್ಬರ ಪತ್ರ: "ನಿಮ್ಮ 'ಈ ದಿನ' ಪುಟದಲ್ಲಿ ಸೆಪ್ಟೆಂಬರ್ 15ಕ್ಕೆ ಸರ್ ಎಂ.ವಿ. ಅವರಿಗೆ ನಾಲ್ಕೇ ಸಾಲು, ಇಂಗ್ಲೆಂಡಿನ ಯಾವುದೋ ರೈಲಿಗೆ ಅರ್ಧ ಪುಟ. ಇದು ನ್ಯಾಯವೇ? ಅವರು ಹುಟ್ಟಿದ್ದು 1861 ಅಂತ ಓದಿದ್ದೆ, ನೀವು 1860 ಅಂದಿದ್ದೀರಿ. ಇನ್ನೊಂದು ಮಾತು. ಒಂದೇ ತಾರೀಕಿಗೆ ಇಷ್ಟೆಲ್ಲ ನಡೆದಿದೆ ಅಂದರೆ ಆ ದಿನದಲ್ಲೇ ಏನೋ ವಿಶೇಷ ಇರಬೇಕಲ್ವಾ?"

ಸಂಪಾದಕರ ಉತ್ತರ:

ಸಾರ್, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ದಿನ ಯಾವ ಪತ್ರಿಕೆ ತೆರೆದರೂ ಮೈಸೂರು ಪೇಟದ ಫೋಟೊ ಇದ್ದೇ ಇರುತ್ತದೆ. ಮುದ್ದೇನಹಳ್ಳಿ, ದಿವಾನಗಿರಿ, ಕನ್ನಂಬಾಡಿ, 1955ರ ಭಾರತರತ್ನ ಎಲ್ಲವೂ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅದನ್ನೇ ನಾವೂ ಮತ್ತೆ ಅಚ್ಚು ಹಾಕಿದರೆ ಯಾರಿಗೆ ಉಪಯೋಗ?

ರೈಲಿನ ವಿಷಯ ಹಾಗಲ್ಲ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಶುರುವಾಯಿತು. ಎರಡು ದೊಡ್ಡ ಊರುಗಳ ನಡುವೆ ಬರೀ ಉಗಿಬಂಡಿಯನ್ನೇ ನಂಬಿ ಜನರನ್ನು ಸಾಗಿಸಲು ಹೊರಟ ಮೊದಲ ಮಾರ್ಗ ಅದು. ಉದ್ಘಾಟನೆಗೆ ಪ್ರಧಾನಿ ವೆಲಿಂಗ್ಟನ್ ಬಂದಿದ್ದರು. ನೀರು ತುಂಬಿಸಿಕೊಳ್ಳಲು ಪಾರ್ಕ್‌ಸೈಡ್ ಎಂಬಲ್ಲಿ ರೈಲು ನಿಂತಿತು. ಇಳಿಯಬೇಡಿ ಅಂತ ಹೇಳಿದ್ದರೂ ಹಲವರು ಹಳಿಗಿಳಿದರು. ಅವರಲ್ಲಿ ಲಿವರ್‌ಪೂಲಿನ ಸಂಸದ ವಿಲಿಯಂ ಹಸ್ಕಿಸನ್ ಕೂಡ ಒಬ್ಬರು. ಎರಡು ವರ್ಷದ ಹಿಂದೆ ವೆಲಿಂಗ್ಟನ್ ಸಂಪುಟದಿಂದ ಮುನಿಸಿಕೊಂಡು ಹೊರಬಂದವರು. ಈಗ ರಾಜಿಯಾಗೋಣ ಅಂತ ಹೋಗಿ ಪ್ರಧಾನಿಯ ಕೈ ಕುಲುಕಿದರು. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ 'ರಾಕೆಟ್' ಎಂಜಿನ್ ಬಂತು. ಗಾಬರಿಯಿಂದ ಅವರು ಪ್ರಧಾನಿಯ ಬೋಗಿಯ ಬಾಗಿಲಿಗೆ ಜೋತುಬಿದ್ದರು. ಬಾಗಿಲು ತೆರೆದುಕೊಂಡು ಅವರನ್ನು ಎಂಜಿನ್ನಿನ ಎದುರಿಗೇ ತಂದು ನಿಲ್ಲಿಸಿತು. ಕಾಲು ನಜ್ಜುಗುಜ್ಜಾಯಿತು. ಆ ಮಾರ್ಗ ಕಟ್ಟಿದ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಅವರೇ ಇನ್ನೊಂದು ಎಂಜಿನ್ ಓಡಿಸಿ ಅವರನ್ನು ಎಕ್ಲ್ಸ್ ಎಂಬ ಊರಿಗೆ ಸಾಗಿಸಿದರು. ರಾತ್ರಿ ಜೀವ ಹೋಯಿತು.

ಇಷ್ಟಾದರೂ ಆ ಮಾರ್ಗ ನಿಲ್ಲಲಿಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೂ ರೈಲು ಬಂತು. ಆಗ ಮುದ್ದೇನಹಳ್ಳಿಯ ಆ ಹುಡುಗ ಇನ್ನೂ ಅಂಗಳದಲ್ಲಿ ಆಡಿಕೊಂಡಿದ್ದ ವಯಸ್ಸು. ಎಂಜಿನಿಯರುಗಳ ದಿನದ ಪುಟಕ್ಕೆ ಇದಕ್ಕಿಂತ ಒಳ್ಳೆಯ ಕತೆ ನನಗಂತೂ ಸಿಗಲಿಲ್ಲ.

ಇನ್ನು ವರ್ಷದ ಗೊಂದಲ. 1861 ಅಂತ ಬರೆಯುವ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಅಂಚೆ ಇಲಾಖೆ ಅವರ ನೂರನೇ ವರ್ಷದ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ಕ್ಕೆ. ಆಗ ಅವರು ಇನ್ನೂ ನಮ್ಮ ನಡುವೆ ಇದ್ದರು, ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಇಂಥ ವಿಷಯದಲ್ಲಿ ಒಂದು ಅಂಕಿ ತಪ್ಪಿದರೂ ಸುಮ್ಮನಿರುವ ಮನುಷ್ಯ ಅವರಲ್ಲ. ಅದಕ್ಕೇ ನಾವು 1860 ಹಿಡಿದಿದ್ದೇವೆ.

ದಿನಕ್ಕೇ ವಿಶೇಷವೇ? ಇಲ್ಲ ಸಾರ್. ಸಾವಿರಾರು ವರ್ಷದ ಇತಿಹಾಸವನ್ನೆಲ್ಲ 366 ಖಾನೆಗೆ ತುಂಬಿದರೆ ಯಾವ ಖಾನೆಯೂ ಖಾಲಿ ಉಳಿಯುವುದಿಲ್ಲ. ಒಂದು ಕೋಣೆಯಲ್ಲಿ ಬರೀ 23 ಜನ ಇದ್ದರೂ, ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಲೆಕ್ಕ ಹಾಕಿ ನೋಡಿ, ನಿಮಗೆ ಕಷ್ಟವಾಗಲಿಕ್ಕಿಲ್ಲ. ಅದೇ ಸೆಪ್ಟೆಂಬರ್ 15ಕ್ಕೆ ಶರತ್ಚಂದ್ರ ಚಟ್ಟೋಪಾಧ್ಯಾಯ (1876), ಅಗಾಥಾ ಕ್ರಿಸ್ಟಿ (1890), ತಮಿಳುನಾಡಿನ ಅಣ್ಣಾದುರೈ (1909) ಹುಟ್ಟಿದರು. ಫ್ರಾನ್ಸಿನ ಸೋಮ್ ಕದನದಲ್ಲಿ ಮೊದಲ ಬಾರಿಗೆ ಟ್ಯಾಂಕುಗಳು ರಣರಂಗಕ್ಕಿಳಿದದ್ದು 1916ರ ಅದೇ ದಿನ. ದೆಹಲಿಯಲ್ಲಿ ಟಿ.ವಿ. ಪ್ರಸಾರ ಪ್ರಯೋಗವಾಗಿ ಶುರುವಾದದ್ದು 1959ರಲ್ಲಿ, ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿ ಅರ್ಜಿ ಹಾಕಿದ್ದು 2008ರಲ್ಲಿ. ಇವಕ್ಕೆಲ್ಲ ಒಂದಕ್ಕೊಂದು ಯಾವ ನಂಟೂ ಇಲ್ಲ. ಪಕ್ಕಪಕ್ಕ ಕೂರಿಸಿದವರು ನಾವು.

ತಾರೀಕು ಕೂಡ ಮನುಷ್ಯರೇ ಮಾಡಿಕೊಂಡ ಏರ್ಪಾಡು. 1752ರಲ್ಲಿ ಇಂಗ್ಲೆಂಡ್ ಹಳೆಯ ಪಂಚಾಂಗ ಬಿಟ್ಟು ಹೊಸದಕ್ಕೆ ಬಂತು. ಸೆಪ್ಟೆಂಬರ್ 2ರ ಬುಧವಾರ ಮಲಗಿದ ಜನ ಮಾರನೆಯ ಗುರುವಾರ ಎದ್ದದ್ದು 14ನೇ ತಾರೀಕಿಗೆ! ಆ ವರ್ಷದ ಸೆಪ್ಟೆಂಬರ್ 3ರಿಂದ 13ರವರೆಗೆ ಅಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರ ಏಪ್ರಿಲ್ 23. ಸ್ಪೇನಿನ ಲೇಖಕ ಸರ್ವಾಂಟಿಸ್‌ಗೂ ಅದೇ ತಾರೀಕು ಹೇಳುವುದುಂಟು. ಆದರೆ ಎರಡು ದೇಶದ ಪಂಚಾಂಗ ಬೇರೆ ಬೇರೆ ಇದ್ದದ್ದರಿಂದ ಈ ಎರಡು 23ರ ನಡುವೆ ಹತ್ತು ದಿನದ ಅಂತರ!

ನನ್ನನ್ನು ಕೇಳಿದರೆ 'ಈ ದಿನ' ಪುಟದ ನಿಜವಾದ ಕೊರತೆ ಬೇರೆಯೇ ಇದೆ. ಬಸವಣ್ಣನವರ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಗೆ, ಕನಕದಾಸರದ್ದು ಕಾರ್ತಿಕ ಬಹುಳ ತದಿಗೆಗೆ. ಪುರಂದರದಾಸರ ಆರಾಧನೆ ಪುಷ್ಯದ ಅಮಾವಾಸ್ಯೆಗೆ. ಇಂಗ್ಲಿಷ್ ತಾರೀಕು ವರ್ಷ ವರ್ಷವೂ ಬದಲಾಗುತ್ತದೆ, ಹಾಗಾಗಿ ನಮ್ಮ ಖಾನೆಯಲ್ಲಿ ಇವರು ಕೂರುವುದೇ ಇಲ್ಲ. ಜನವರಿಯಿಂದ ತಿಥಿಯ ಲೆಕ್ಕದವರಿಗೆ ಅಂತಲೇ ಒಂದು ಕಾಲಂ ಶುರುಮಾಡುತ್ತಿದ್ದೇವೆ.

ಸರ್ ಎಂ.ವಿ. ಅವರಿಗೂ ಅರ್ಧ ಪುಟ ಕೊಡೋಣ, ಒಂದು ಷರತ್ತಿನ ಮೇಲೆ. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಕೂರಿಸಿದ ಗೇಟುಗಳ ಬಗ್ಗೆ ನೀವೇ ಬರೆಯಬೇಕು. ನೀರು ಗೊತ್ತುಮಾಡಿದ ಮಟ್ಟ ದಾಟಿದರೆ ತಾವಾಗಿಯೇ ತೆರೆದು, ಇಳಿದರೆ ತಾವಾಗಿಯೇ ಮುಚ್ಚಿಕೊಳ್ಳುವ ಗೇಟುಗಳು. ಕಟ್ಟೆ ಎತ್ತರಿಸದೆಯೇ ಜಾಸ್ತಿ ನೀರು ನಿಲ್ಲಿಸಿದ್ದು ಹೇಗೆ ಅಂತ ಎಂಟನೇ ಕ್ಲಾಸಿನ ಹುಡುಗಿಗೂ ತಿಳಿಯುವ ಹಾಗೆ ಬರೆಯಿರಿ. ಜೊತೆಗೆ ಕೈಯಲ್ಲಿ ಬಿಡಿಸಿದ ಒಂದು ಚಿತ್ರ ಇರಲಿ. ಜುಲೈ ಕೊನೆಯೊಳಗೆ ತಲುಪಿದರೆ ಸೆಪ್ಟೆಂಬರ್ ಸಂಚಿಕೆಗೆ ಹಾಕುತ್ತೇವೆ.