ಜೈಲಿನಲ್ಲಿ ವಿಪಶ್ಯನ ಶಿಬಿರ ನಡೆಸಿದರೆ ಕೈದಿಗಳು ನಿಜಕ್ಕೂ ಬದಲಾಗ್ತಾರಾ?

ಬದಲಾಗ್ತಾರೆ, ಆದರೆ ಎಲ್ಲರೂ ಅಲ್ಲ. ಶಿಬಿರವನ್ನು ಹೇಗೆ ನಡೆಸುತ್ತಾರೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಭಾರತದ ಜೈಲುಗಳಲ್ಲಿ ಈ ಮೌನ ಧ್ಯಾನದ ಶಿಬಿರ ಶುರುವಾದದ್ದು 1975ರಲ್ಲಿ, ಜೈಪುರದಲ್ಲಿ. ಹೆಸರಾದದ್ದು ತಿಹಾರ್‌ನಿಂದ: ಕಿರಣ್ ಬೇಡಿ ಅಲ್ಲಿನ ಮುಖ್ಯಸ್ಥರಾಗಿದ್ದಾಗ, 1994ರ ಏಪ್ರಿಲ್‌ನಲ್ಲಿ, ವಿಪಶ್ಯನ ಗುರು ಎಸ್.ಎನ್. ಗೋಯೆಂಕಾ ಅವರೇ ಬಂದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೂರಿಸಿದರು. ಪೂಜೆ, ಭಜನೆ, ಮತಾಂತರ ಯಾವುದೂ ಇಲ್ಲದ್ದರಿಂದ ಎಲ್ಲ ಧರ್ಮದವರೂ ಒಟ್ಟಿಗೆ ಕೂರುತ್ತಾರೆ.

ಶಿಬಿರ ಹತ್ತು ದಿನ. ಬೆಳಗಿನ 4ಕ್ಕೆ ಗಂಟೆ, ರಾತ್ರಿ 9.30ಕ್ಕೆ ದೀಪ ಆರಬೇಕು. ಮೊದಲ ಮೂರೂವರೆ ದಿನ ಆನಾಪಾನ: ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ ಉಸಿರು ತಾಗುವುದನ್ನು ಗಮನಿಸುವುದಷ್ಟೇ ಕೆಲಸ. ನಾಲ್ಕನೇ ದಿನದಿಂದ ವಿಪಶ್ಯನ, ಅಂದರೆ ಮೈಯಲ್ಲಿ ಏಳುವ ಸಂವೇದನೆಗಳನ್ನು ಸುಮ್ಮನೆ ಗಮನಿಸುವುದು. ಹತ್ತನೇ ದಿನದವರೆಗೂ ಮೌನ.

ತೊಡಕು ಬರುವುದು ಜೈಲಿನ ದಿನಚರಿಯಲ್ಲಿ. ಸಂಜೆಯೇ ಬ್ಯಾರಕ್‌ಗೆ ಬೀಗ ಬೀಳುತ್ತದೆ, ಹೊತ್ತುಹೊತ್ತಿಗೆ ತಲೆ ಎಣಿಸುತ್ತಾರೆ. ಹಾಗಾಗಿ ಧ್ಯಾನ, ಊಟ, ನಿದ್ದೆ ಮೂರೂ ಒಂದೇ ಪ್ರತ್ಯೇಕ ಬ್ಯಾರಕ್‌ನೊಳಗೆ ಆಗಬೇಕು, ಆಚಾರ್ಯರೂ ಒಳಗೇ ಉಳಿಯಬೇಕು. ವಿಚಾರಣಾಧೀನ ಕೈದಿಯಾದರೆ ಆ ಹತ್ತು ದಿನದಲ್ಲಿ ಕೋರ್ಟಿನ ತಾರೀಖು ಇದೆಯಾ ಅಂತ ಮೊದಲೇ ನೋಡಿ. ಐದನೇ ದಿನ ಪೊಲೀಸ್ ವ್ಯಾನ್ ಹತ್ತಿಸಿದರೆ ಅವನ ಶಿಬಿರ ಅಲ್ಲಿಗೇ ಮುಗಿಯಿತು. ಮನೆಯವರ ಭೇಟಿ ಇರುವುದಿಲ್ಲ ಅಂತ ಮನೆಗೂ ಮುಂಚೆಯೇ ತಿಳಿಸಬೇಕು. ಶಿಬಿರಕ್ಕಾಗಿ ಬೀಡಿ ಬಿಟ್ಟವರಿಗೆ ಎರಡನೇ, ಮೂರನೇ ದಿನ ತಲೆನೋವು, ಸಿಡುಕು ಸಹಜ. ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಸೇರಿಸಲೇಬೇಡಿ, ಅವರಿಗೆ ಉಲ್ಬಣಿಸಬಹುದು.

ಶಿಕ್ಷೆ ಮಾಫಿ, ಪೆರೋಲ್‌ನ ಆಸೆ ತೋರಿಸಿ ಕೂರಿಸುವುದು ನನ್ನ ಪ್ರಕಾರ ದೊಡ್ಡ ತಪ್ಪು. ಆಸೆಗೆ ಬಂದವನು ಕಣ್ಣು ಮುಚ್ಚಿ ದಿನ ಎಣಿಸುತ್ತಾನೆ. ಬಲವಂತವಂತೂ ಕೂಡದು, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಹೇಳುವ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ 65ನೆಯದು ಧರ್ಮಗುರುವಿನ ಭೇಟಿಯೂ ಬೇಡ ಅನ್ನುವ ಕೈದಿಯ ಮಾತಿಗೆ ಬೆಲೆ ಕೊಡುತ್ತದೆ. ವಾರ್ಡರ್‌ಗಳಲ್ಲಿ ಕೆಲವರಾದರೂ ಮೊದಲು ಹೊರಗಿನ ಕೇಂದ್ರದಲ್ಲಿ ಶಿಬಿರ ಮುಗಿಸಿರಲಿ. ಇಲ್ಲದಿದ್ದರೆ ಮೌನದಲ್ಲಿರುವವನನ್ನು 'ಏನೋ, ಬಾಯಿ ಬಿದ್ದು ಹೋಯ್ತಾ?' ಅಂತ ಕೆಣಕುವವರು ಇದ್ದೇ ಇರುತ್ತಾರೆ.

ಇನ್ನು ಬದಲಾಗ್ತಾರೆ ಅನ್ನುವುದಕ್ಕೆ ಪುರಾವೆ. ಅಮೆರಿಕದ ಸಿಯಾಟಲ್‌ನ ಜೈಲೊಂದರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೂರು ತಿಂಗಳ ಮೇಲೂ ಶಿಬಿರ ಮುಗಿಸಿದವರಲ್ಲಿ ಮದ್ಯ, ಗಾಂಜಾ, ಕೊಕೇನ್ ಬಳಕೆ ಉಳಿದವರಿಗಿಂತ ಕಡಿಮೆಯಿತ್ತು. ಆದರೆ ಕೂತವರು ತಾವಾಗಿಯೇ ಮುಂದೆ ಬಂದವರು, ಚೀಟಿ ಎತ್ತಿ ಆರಿಸಿದವರಲ್ಲ. ಬದಲಾಗುವ ಮನಸ್ಸಿದ್ದವರೇ ಬಂದಿರಬಹುದು.

ಹನ್ನೊಂದನೇ ದಿನ, ಶಿಬಿರ ಮುಗಿಸಿದ ಕೈದಿಯನ್ನು ಟಿವಿ ಅರಚುವ ಹಳೆಯ ಬ್ಯಾರಕ್‌ಗೇ ತಳ್ಳಿದರೆ ಅಭ್ಯಾಸ ಉಳಿಯುವುದು ಕಷ್ಟ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಲು ಒಂದು ಕೋಣೆ ಬೇಕು. ಸೂಪರಿಂಟೆಂಡೆಂಟ್‌ಗೆ ಅರ್ಜಿ ಕೊಡುವಾಗಲೇ ಶಿಬಿರದ ಜೊತೆ ಆ ಕೋಣೆಯನ್ನೂ ಕೇಳಿಬಿಡಿ.