ಗಂಟೆಗೆ 80 ಕಾಲರ್ ಅಂದ್ರೆ ಎಲ್ಲಿಂದ ತರೋದು?

ಪ್ರಶ್ನೆ: ಅಕ್ಕಾ, ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷದಿಂದ ಟೈಲರ್, ಶರ್ಟಿಗೆ ಕಾಲರ್ ಅಟ್ಯಾಚ್ ಮಾಡೋ ಕೆಲಸ. ಹೋದ ತಿಂಗಳವರೆಗೂ ಗಂಟೆಗೆ 60 ಪೀಸ್ ಟಾರ್ಗೆಟ್ ಇತ್ತು, ಹೊಸ ಸ್ಟೈಲ್ ಬಂದ್ಮೇಲೆ ಒಂದೇ ಸಲಕ್ಕೆ 80 ಮಾಡಿದ್ದಾರೆ. ಆಗ್ಲಿಲ್ಲ ಅಂದ್ರೆ ಸೂಪರ್‌ವೈಸರ್ ಪೀಸ್ ಲೆಕ್ಕ ಬರೆಯೋ ಬೋರ್ಡ್ ಹತ್ರ ನಿಂತು ಎಲ್ರ ಮುಂದೆ ‘ಮನೇಲಿ ಬಿದ್ಕೋ ಹೋಗು’ ಅಂತ ಬೈತಾರೆ. ಟಾಯ್ಲೆಟ್‌ಗೆ ಎದ್ರೆ ಪೀಸ್ ಕಮ್ಮಿ ಆಗುತ್ತೆ ಅಂತ ನೀರೇ ಕುಡಿಯಲ್ಲ. ಸಂಜೆ ಕೆಲಸ ಮುಗೀತು ಅಂತ ಪಂಚ್ ಮಾಡಿಸಿಬಿಟ್ಟು ಮತ್ತೆ ಅರ್ಧ ಗಂಟೆ ಕೂರಿಸ್ತಾರೆ. ಬಿಟ್ಬಿಡೋಣ ಅಂದ್ರೆ ಇಬ್ರು ಮಕ್ಕಳ ಫೀಸು. ಏನ್ ಮಾಡ್ಲಿ?
– ಹೆಸರು ಬೇಡ

ಉತ್ತರ: ತಂಗೀ, ಮೊದ್ಲು ನೀರು ಕುಡಿಯಮ್ಮ. ನಾನೂ ಪೀಣ್ಯದ ಕಡೆ 11 ವರ್ಷ ಲೈನ್‌ನಲ್ಲಿ ಕೂತವಳು, ನಿನ್ ಥರಾನೇ ಬಾಟಲಿ ಮುಟ್ದೆ ಕೂತು ಉರಿಮೂತ್ರ ಆಗಿ ನಾಲ್ಕು ದಿನ ರಜ ಹಾಕಿ ಆ ನಾಲ್ಕು ದಿನದ ಸಂಬಳಾನೂ ಹೋಯ್ತು. ಯಾವ ಶಿಪ್‌ಮೆಂಟೂ ನಿನ್ನ ಕಿಡ್ನಿಗಿಂತ ದೊಡ್ಡದಲ್ಲ.

ಈಗ ಲೆಕ್ಕಕ್ಕೆ ಬರೋಣ. 80 ಅಂದ್ರೆ ಒಂದು ಪೀಸಿಗೆ 45 ಸೆಕೆಂಡ್. ಅಷ್ಟರಲ್ಲಿ ಬಾಡಿ ಎತ್ಕೋಬೇಕು, ಕಾಲರಿನ ನಡುವಲ್ಲಿರೋ ನಾಚ್‌ನ (ಗುರುತಿನ ಸಣ್ಣ ಕಟ್) ಬೆನ್ನಿನ ನಡುವಿಗೆ ಕೂರಿಸ್ಬೇಕು, ಹೊಲೀಬೇಕು, ನೂಲು ಕಟ್ ಮಾಡಿ ಪಕ್ಕಕ್ಕೆ ಹಾಕ್ಬೇಕು. ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್, ಟಾರ್ಗೆಟ್ ಲೆಕ್ಕ ಹಾಕೋ ವಿಭಾಗ) ಹುಡುಗ ಸ್ಟಾಪ್‌ವಾಚ್ ಹಿಡ್ಕೊಂಡು ಬಂದಿದ್ದು ಯಾವಾಗ, ನೆನಪು ಮಾಡ್ಕೋ. ಸಾಮಾನ್ಯವಾಗಿ ಬೆಳಿಗ್ಗೆ ಕೈ ಚುರುಕಾಗಿರೋ ಹೊತ್ತಲ್ಲಿ, ಹೊಲಿಯೋ ಪೀಸ್‌ಗಳ ಬಂಡಲ್ ರೆಡಿ ಇದ್ದಾಗ ಬಂದು ನಾಲ್ಕೈದು ಪೀಸ್ ನೋಡ್ಕೊಂಡು ಹೋಗ್ತಾರೆ. ಬಾಬಿನ್ ಖಾಲಿ ಆಗೋದು, ಸೂಜಿ ಮುರಿಯೋದು, ಹಿಂದಿನ ಟೇಬಲ್‌ನಿಂದ ಬಂಡಲ್ ಬರ್ದೆ ಸುಮ್ನೆ ಕೂರೋದು, ಇದಕ್ಕೆಲ್ಲ ಸ್ವಲ್ಪ ಟೈಮ್ ಸೇರಿಸಿರ್ತೀವಿ ಅಂತಾರೆ, ಆದ್ರೆ ಮಧ್ಯಾಹ್ನ 3 ಗಂಟೆಗೆ ಬಂದು ಕೂತು ನೋಡಿದ್ರೆ ತಾನೇ ಅದು ಎಷ್ಟು ಅಂತ ಗೊತ್ತಾಗೋದು!

ಅದಕ್ಕೇ ಒಂದು ಸಣ್ಣ ನೋಟ್‌ಬುಕ್ ಇಟ್ಕೋ. ಗಂಟೆಗೊಂದು ಸಾಲು ಸಾಕು. ‘10ರಿಂದ 11, 58 ಪೀಸ್, ಬಂಡಲ್ ಬರ್ಲಿಲ್ಲ 12 ನಿಮಿಷ.’ ‘11ರಿಂದ 12, 51, ಮೆಕ್ಯಾನಿಕ್‌ಗೆ ಕಾದಿದ್ದು 15 ನಿಮಿಷ.’ ಬರೀವಾಗ ಕೈ ನಡುಗಬಹುದು, ಪರ್ವಾಗಿಲ್ಲ. ‘ಆಗಲ್ಲ ಸಾರ್’ ಅಂದ್ರೆ ಸೋಮಾರಿ ಅಂತಾರೆ, ‘ಸಾರ್, ನಿನ್ನೆ ಬಂಡಲ್‌ಗೆ ಕಾದಿದ್ದೇ 40 ನಿಮಿಷ, ನೋಡಿ’ ಅಂದ್ರೆ ಅವ್ರು ಉತ್ರ ಕೊಡ್ಬೇಕಾಗುತ್ತೆ. ಅದನ್ನ ಬೋರ್ಡ್ ಮುಂದೆ ಹೇಳ್ಬೇಡ, ಊಟದ ಹೊತ್ತಲ್ಲಿ ಅವ್ರೊಬ್ರೇ ಇದ್ದಾಗ ಹೇಳು. ಅವ್ರಿಗೂ ಮೇಲಿಂದ ಫ್ಲೋರ್ ಇನ್‌ಚಾರ್ಜ್ ಒತ್ತಡ ಇರುತ್ತೆ, ಮಾಲು ಹಡಗಿಗೆ ತಪ್ಪಿದ್ರೆ ವಿಮಾನದಲ್ಲಿ ಕಳಿಸೋ ಖರ್ಚು ಕಂಪನಿ ತಲೆ ಮೇಲೆ ಬರುತ್ತೆ. ಗೊತ್ತು. ಆದ್ರೂ ಅದಕ್ಕೆ ನಿನ್ನ ಬೈಯೋ ಹಕ್ಕು ಯಾರಿಗೂ ಇಲ್ಲ. ಬೈದಿದ್ದನ್ನೂ ತಾರೀಖು ಹಾಕಿ ಅದೇ ಪುಸ್ತಕದಲ್ಲಿ ಬರ್ಕೋ, ಪಕ್ಕದಲ್ಲಿ ಯಾರಿದ್ರು ಅನ್ನೋದನ್ನೂ ಸೇರಿಸಿ.

ಪಂಚ್ ಆದ್ಮೇಲಿನ ಅರ್ಧ ಗಂಟೆ ಮಾತ್ರ ಸುಮ್ನೆ ಬಿಡೋ ವಿಷ್ಯನೇ ಅಲ್ಲ. ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಡಬಲ್ ಕೂಲಿ ಕೊಡ್ಬೇಕು, ಇದು 1948ರ ಫ್ಯಾಕ್ಟರಿ ಕಾಯ್ದೆಯಲ್ಲೂ ಇತ್ತು, ಹೊಸ ಲೇಬರ್ ಕೋಡ್‌ನಲ್ಲೂ ಇದೆ. ಟಾರ್ಗೆಟ್ ಮುಗೀಲಿಲ್ಲ ಅನ್ನೋದು ಪುಕ್ಸಟ್ಟೆ ದುಡಿಸೋಕೆ ಕಾರಣ ಆಗಲ್ಲ. ದಿನಾ ಎಷ್ಟೊತ್ತಿಗೆ ಗೇಟ್ ದಾಟಿದೆ ಅಂತ ಬರ್ಕೋ.

ಆದ್ರೆ ಒಬ್ಳೇ ಹೋಗ್ಬೇಡ ಕಣಮ್ಮ. ನಿನ್ ಲೈನ್‌ನಲ್ಲಿ ಇನ್ನೂ ನಾಲ್ಕೈದು ಜನಕ್ಕೆ ಇದೇ ಕಥೆ ಇರುತ್ತೆ, ಅವ್ರ ಕೈಲೂ ಬರೆಸು. ಎಲ್ರೂ ಸೇರಿ ಮೊದ್ಲು ವೆಲ್ಫೇರ್ ಆಫೀಸರ್ ಹತ್ರ, ವರ್ಕ್ಸ್ ಕಮಿಟಿ (ಕಾರ್ಮಿಕರು, ಆಡಳಿತದವರು ಇಬ್ರೂ ಇರೋ ಸಮಿತಿ) ಇದ್ರೆ ಅಲ್ಲಿಗೆ ಹೋಗಿ, ಅಲ್ಲೂ ಕೇಳ್ಲಿಲ್ಲ ಅಂದ್ರೆ ಯೂನಿಯನ್ನು, ಲೇಬರ್ ಆಫೀಸು ಇದೆ. ಬೆಂಗಳೂರಲ್ಲಾದ್ರೆ ಬನ್ನೇರುಘಟ್ಟ ರೋಡಲ್ಲಿ ಕಾರ್ಮಿಕ ಭವನ ಇದೆ. ಪಿಎಫ್ ದುಡ್ಡು ತೆಗೆಯೋಕೆ ತಂದ ಹೊಸ ರೂಲ್ ವಿರುದ್ಧ 2016ರ ಏಪ್ರಿಲ್‌ನಲ್ಲಿ ನಮ್ಮ ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರಾರು ಜನ ರೋಡಿಗೆ ಬಂದು ಕೂತ್ರು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನ ವಾಪಸ್ ತಗೊಂತು. ನೀವು ಕೇಳ್ತಿರೋದು ಅದಕ್ಕಿಂತ ಎಷ್ಟೋ ಸಣ್ಣದು.

ಕೆಲಸ ಈಗ್ಲೇ ಬಿಡ್ಬೇಡ. ಸೋಮವಾರದಿಂದ ಬರೆಯೋಕೆ ಶುರು ಮಾಡಿ ಒಂದು ವಾರದ ಹಾಳೆ ನಂಗೆ ಕಳಿಸು, ಯಾವ ಗಂಟೇಲಿ ಎಷ್ಟು ನಿಮಿಷ ಹೋಗ್ತಿದೆ ಅಂತ ಇಬ್ರೂ ಕೂತು ನೋಡೋಣ.