ಟೆಸ್ಟಿಗೆ ಮೊದಲೇ ಗೋಧಿ ನಿಲ್ಲಿಸಿದ್ದರ ಬಗ್ಗೆ

ಅಕ್ಕ, ಮಗನಿಗೆ ಹೊಟ್ಟೆ ಉಬ್ಬರ, ಆಗಾಗ ಭೇದಿ, ತೂಕ ಏರುವುದಿಲ್ಲ, ಹಾಗಾಗಿ ಒಂದು ತಿಂಗಳಿಂದ ಗೋಧಿ, ಮೈದಾ ಬಂದ್ ಮಾಡಿ ಈಗ ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ರೋಗ) ಟೆಸ್ಟಿಗೆ ಹೊರಟಿದ್ದೀರಿ ಅಂತ ಬರೆದಿದ್ದೀರಿ. ತಿರುಗಾಮುರುಗಾ ಆಯ್ತಲ್ಲ ಮಾರಾಯ್ರೇ! ಗ್ಲುಟೆನ್ ಹೊಟ್ಟೆಗೆ ಹೋಗುತ್ತಿದ್ದರೆ ಮಾತ್ರ ಟಿಟಿಜಿ-ಐಜಿಎ ಎಂಬ ರಕ್ತದ ಆಂಟಿಬಾಡಿ ಟೆಸ್ಟಿನ ಫಲಿತಾಂಶ ಸರಿಯಾಗಿ ಸಿಗುವುದು. ನಿಲ್ಲಿಸಿದರೆ ಆಂಟಿಬಾಡಿ ಇಳಿಯುತ್ತದೆ, ಸಣ್ಣ ಕರುಳಿನ ಒಳಪದರವೂ ಚೇತರಿಸಿಕೊಳ್ಳುತ್ತದೆ. ಆಮೇಲೆ ನೆಗೆಟಿವ್ ಬಂದರೆ ನಂಬುವ ಹಾಗಿಲ್ಲ. ಟೆಸ್ಟಿಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇದ್ದಿರಬೇಕು.

ಹಾಗಂತ ನಾಳೆಯೇ ಪರೋಟ ತಿನ್ನಿಸಬೇಡಿ. 5 ವರ್ಷದೊಳಗಿನ ಮಕ್ಕಳಿಗೆ ಗೋಧಿ ಪುನಃ ಶುರು ಮಾಡುವುದನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ನಿಲ್ಲಿಸಿದ ತಾರೀಕನ್ನು ಮಕ್ಕಳ ಗ್ಯಾಸ್ಟ್ರೋ ಡಾಕ್ಟರಿಗೆ ಹೇಳಿ, ಅವರು ಹೇಳಿದಂತೆ ಮಾಡಿ. ರಕ್ತದಲ್ಲಿ ಐಜಿಎ ಆಂಟಿಬಾಡಿ ಒಟ್ಟು ಎಷ್ಟಿದೆ ಅಂತ ನೋಡುವ ಟೋಟಲ್ ಐಜಿಎ ಟೆಸ್ಟೂ ಒಟ್ಟಿಗೇ ಆಗಬೇಕು. ಅದು ತೀರಾ ಕಡಿಮೆ ಇರುವ ಮಕ್ಕಳಲ್ಲಿ ರೋಗ ಇದ್ದರೂ ಟಿಟಿಜಿ-ಐಜಿಎ ಸುಮ್ಮನೆ ನೆಗೆಟಿವ್ ತೋರಿಸಬಹುದು. ಸೀಲಿಯಾಕ್‌ಗೆ ನಂಟಿರುವ ಡಿಕ್ಯೂ2, ಡಿಕ್ಯೂ8 ಜೀನ್ ಟೆಸ್ಟಿಗೆ ಪಥ್ಯ ಅಡ್ಡಿಯಲ್ಲ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇರುವುದು ಬಹಳ ಅಪರೂಪ. ಇದ್ದರೆ ರೋಗ ಇದೆ ಅಂತ ಅರ್ಥ ಅಲ್ಲ. ಇಲ್ಲೇ ಇನ್ನೊಬ್ಬರು ಗ್ಲುಟೆನ್ ಎಲ್ಲ ಮಕ್ಕಳ ಕರುಳಿಗೂ ವಿಷ ಅಂದಿದ್ದಾರೆ, ಶುದ್ಧ ಸುಳ್ಳು. ಆರೋಗ್ಯವಾಗಿರುವ ಮಗುವಿಗೆ ಚಪಾತಿ ತಪ್ಪಿಸಿ ಏನೂ ಲಾಭವಿಲ್ಲ.

ರೋಗ ಖಚಿತವಾದರೆ ಗ್ಲುಟೆನ್ ಇಲ್ಲದ ಪಥ್ಯ ಜೀವಮಾನ ಪೂರ್ತಿ. ನಮ್ಮ ಕಾಸರಗೋಡಿನ ಕಡೆ ಅದು ಕಷ್ಟವೇ ಅಲ್ಲ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪುಂಡಿ, ಒತ್ತುಶ್ಯಾವಿಗೆ ಎಲ್ಲ ಅಕ್ಕಿಯದೇ. ಎಡವುವುದು ಮಿಲ್ಲಿನಲ್ಲಿ. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಸುರಿಯುತ್ತಾರೆ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಮಡಿಕೆಯಲ್ಲಿ ಹಳೇ ಹಿಟ್ಟು ಅಂಟಿಕೊಂಡೇ ಇರುತ್ತದೆ. ಗ್ಲುಟೆನ್ ಫ್ರೀ ಅಂದರೆ ಕಿಲೋಗೆ 20 ಮಿಲಿಗ್ರಾಮಿನ ಒಳಗೆ. ಒಂದು ಗ್ರಾಂ ಗೋಧಿಹಿಟ್ಟು ಬೆರೆತರೂ ಆ ಕಿಲೋ ಹಿಟ್ಟು ಮಿತಿ ದಾಟುತ್ತದೆ. ನನ್ನ ಪ್ರಕಾರ ಮಿಲ್ಲೇ ಬೇಡ: ರಾಗಿ ಆರಿಸಿ, ತೊಳೆದು, ರಾತ್ರಿ ನೆನೆಸಿ, ಮನೆಯ ಗ್ರೈಂಡರಿನಲ್ಲೇ ರುಬ್ಬಿ. ಒಂದಿಷ್ಟು ಅಕ್ಕಿ ಸೇರಿಸಿದರೆ ದೋಸೆ ಕಾವಲಿಯಿಂದ ಚೆನ್ನಾಗಿ ಏಳುತ್ತದೆ. ಕಾವಲಿ ಮಾತ್ರ ಚಪಾತಿಯದ್ದು ಆಗಬಾರದು.

ಇಂಗಿನ ಡಬ್ಬಿ ತಿರುಗಿಸಿ ಓದಿ. ಪುಡಿ ಇಂಗಿಗೆ ಹೆಚ್ಚಾಗಿ ಗೋಧಿಹಿಟ್ಟೋ ಮೈದಾವೋ ಸೇರಿರುತ್ತದೆ. ಅಕ್ಕಿಹಿಟ್ಟಿನದ್ದು ಸಿಕ್ಕರೆ ಸರಿ, ಇಲ್ಲವಾದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು. ಶಕ್ತಿ ಬರಲಿ ಅಂತ ಹಾರ್ಲಿಕ್ಸ್ ಕೊಡುವವರಿದ್ದಾರೆ. ಅದರಲ್ಲಿ ಬಾರ್ಲಿ ಮಾಲ್ಟ್, ಗೋಧಿ ಎರಡೂ ಇದೆ. ರಾಗಿ ಬಿಸ್ಕತ್ತಿನ ಚಿತ್ರ ನೋಡಿ ಮರುಳಾಗಬೇಡಿ, ಹಲವದರಲ್ಲಿ ಮೊದಲ ಹೆಸರೇ ಮೈದಾ. ಹೋಟೆಲಿನ ಬಾಳೆಕಾಯಿ ಚಿಪ್ಸ್ ಕೊಡುವುದಾದರೆ ಎಣ್ಣೆ ಯಾವುದೆಂದು ಕೇಳಿ, ಮೈದಾದ ಗೋಳಿಬಜೆ ಕರಿದ ಬಾಣಲೆಯದ್ದಾದರೆ ಬೇಡ.